ನೊಣವೇ ಇಲ್ಲದ ನೊಣದ ದೃಶ್ಯ: ಆರ್ಲೆಕ್ಕೀನೊ ಕಟ್‌ಔಟ್ ಅನಿಮೇಷನ್ ಕೆಲಸದ ಟಿಪ್ಪಣಿ

41 ಸೆಕೆಂಡಿನ ಒಂದು ಕಟ್‌ಔಟ್ ಅನಿಮೇಷನ್ ಕೊನೆಗೂ ಮುಗಿದಿದೆ. ಅಂದರೆ ಕತ್ತರಿಸಿ ಮಾಡಿದ ಚಪ್ಪಟೆ ಗೊಂಬೆಯನ್ನು ಚೂರುಚೂರೇ ಸರಿಸಿ, ಪ್ರತಿ ಸಲ ಒಂದು ಫೋಟೊ (ಒಂದು ಫ್ರೇಮು) ತೆಗೆದು, ಎಲ್ಲವನ್ನೂ ಸಾಲಾಗಿ ಓಡಿಸುವುದು. ಕಥೆ ಇಷ್ಟೇ. ಹಸಿದ ಆಳೊಬ್ಬ ನೊಣ ಹಿಡಿದು ತಿನ್ನುತ್ತಾನೆ. ನಡುವೆ ಅವನ ಯಜಮಾನ ಬಂದು ಹೋಗುತ್ತಾನೆ. ಆಳಿನ ಹೆಸರು ಆರ್ಲೆಕ್ಕೀನೊ, ಯಜಮಾನ ಪಾಂತಲೋನೆ. ಇಬ್ಬರೂ ಇಟಲಿಯ ಕಮೇಡಿಯಾ ದೆಲ್ಲಾರ್ತೆ ನಾಟಕದ ಪಾತ್ರಗಳು. 16ನೇ ಶತಮಾನದಲ್ಲಿ ಬೆಳೆದ ನಗೆನಾಟಕ ಅದು. ಮುಖವಾಡ ಇರುತ್ತದೆ, ಬರೆದ ಸಂಭಾಷಣೆ ಇರುವುದಿಲ್ಲ. ಯಕ್ಷಗಾನ ನೋಡಿದವರಿಗೆ ಈ ಪದ್ಧತಿ ವಿಚಿತ್ರ ಅನ್ನಿಸಲ್ಲ: ಪ್ರಸಂಗ ಗೊತ್ತು, ಮಾತು ರಂಗದ ಮೇಲೇ ಹುಟ್ಟಬೇಕು.

ನನ್ನ ಕೆಲಸ ಕಂಪ್ಯೂಟರ್‌ನಲ್ಲಿ ಕ್ಯಾರೆಕ್ಟರ್ ಅನಿಮೇಷನ್. ಅಲ್ಲಿ ಒಂದು ಹುಬ್ಬಿಗೇ ನಾಲ್ಕೈದು ಕಂಟ್ರೋಲ್ (ಎಳೆದು ಅಲ್ಲಾಡಿಸುವ ಹಿಡಿ) ಇರುತ್ತವೆ. ಹಾಗಾಗಿ ಎಲ್ಲ ಭಾವವನ್ನೂ ಹುಬ್ಬು, ಬಾಯಿಯಲ್ಲೇ ಮುಗಿಸಿಬಿಡುವ ಚಟ ಅಂಟಿಕೊಂಡಿದೆ. ಮುಖವನ್ನೇ ಮುಚ್ಚಿಬಿಟ್ಟರೆ ಏನು ಉಳಿಯುತ್ತೆ ಅಂತ ನೋಡಬೇಕಿತ್ತು. ಮಾಡಿದ್ದನ್ನೆಲ್ಲ ಮಾಡಿದ ಕ್ರಮದಲ್ಲೇ ಬರೆದಿದ್ದೇನೆ, ಕೆಟ್ಟುಹೋದದ್ದೂ ಸೇರಿ.

1. ಟೇಬಲ್ ಮತ್ತು ಬೆಳಕು

ಹಳೆಯ ಟೀಪಾಯಿಯ ಮೇಲಿನ ಹಲಗೆ ಬಿಚ್ಚಿ, ಆ ಜಾಗಕ್ಕೆ 60 × 45 ಸೆಂ.ಮೀ. ಗಾಜು ಕೂರಿಸಿದೆ. ದಪ್ಪ 8 ಮಿ.ಮೀ. ಅಂಚು ಉಜ್ಜಿಸಿಕೊಂಡೇ ತನ್ನಿ, ಇಲ್ಲದಿದ್ದರೆ ಮುಂಗೈ ಕುಯ್ಯುತ್ತೆ. ಗಾಜಿನ ಕೆಳಗೆ ಎರಡು ಪದರ ಟ್ರೇಸಿಂಗ್ ಪೇಪರ್. ಅದರ ಕೆಳಗೆ ನೆಲದ ಮೇಲೆ ಫಾಲ್ಸ್ ಸೀಲಿಂಗ್‌ಗೆ ಹಾಕುವ ಎರಡಡಿ ಚೌಕದ ಎಲ್‌ಇಡಿ ಪ್ಯಾನೆಲ್, 36 ವ್ಯಾಟ್. ಪ್ಯಾನೆಲ್‌ಗೂ ಗಾಜಿಗೂ 30 ಸೆಂ.ಮೀ. ಅಂತರ ಇಟ್ಟಾಗ ಬೆಳಕು ಸಮನಾಗಿ ಹರಡಿತು.

ಕ್ಯಾಮೆರಾ ಅಂದರೆ ಹಳೆಯ ಫೋನು. ಗೋಡೆಯ ಶೆಲ್ಫ್‌ನಿಂದ ಅಡ್ಡಕ್ಕೆ ಒಂದು ಸ್ಟೀಲ್ ಪೈಪ್ ಚಾಚಿಸಿ, ಅದಕ್ಕೆ ಕ್ಲ್ಯಾಂಪ್. ಗಾಜಿನಿಂದ ಲೆನ್ಸ್‌ಗೆ 75 ಸೆಂ.ಮೀ. ಕ್ಲಿಕ್ ಮಾಡಲು ಹಳೆಯ ವೈರ್ ಇಯರ್‌ಫೋನಿನ ವಾಲ್ಯೂಮ್ ಬಟನ್. ಫೋನಿಗೆ ಬೆರಳು ತಾಕಿಸಿದರೆ ಫ್ರೇಮ್ ಕದಲುತ್ತೆ, ಅದಕ್ಕೆ ಈ ಉಪಾಯ.

ಮೊದಲ ಟೆಸ್ಟ್ ಪೂರ್ತಿ ಮಿಣುಕಿತು. ಕಾರಣ ಎರಡು. ಫೋನು ಪ್ರತಿ ಫ್ರೇಮಿಗೂ ಎಕ್ಸ್‌ಪೋಶರ್ (ಎಷ್ಟು ಬೆಳಕು ಹಿಡಿಯಬೇಕು ಅನ್ನುವುದು) ತಾನೇ ಬದಲಿಸುತ್ತಿತ್ತು. ಜೊತೆಗೆ ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಪ್ಯಾನೆಲ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಶಟರ್ 1/50ಕ್ಕೆ ಲಾಕ್ ಮಾಡಿ, ಐಎಸ್‌ಒ, ಫೋಕಸ್, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಕಟ್ಟಿಹಾಕಿದ ಮೇಲೆ ನಿಂತಿತು. ಕರೆಂಟು ಹೋಗಿ ಇನ್ವರ್ಟರ್‌ಗೆ ಹೊರಳಿದಾಗ ಮಾತ್ರ ಬೆಳಕು ಒಂದು ಕೂದಲೆಳೆ ಬದಲಾಗುತ್ತೆ. ಹಾಗಾದಾಗ ಶೂಟಿಂಗ್ ನಿಲ್ಲಿಸೋದೇ ದಾರಿ. ಫ್ಯಾನ್ ಅಂತೂ ಹಾಕುವ ಹಾಗೇ ಇಲ್ಲ.

2. ಮೊದಲ ಗೊಂಬೆ, ಬಣ್ಣದ್ದು (ಕೈಬಿಟ್ಟೆ)

ಇಟಲಿಯ ಜೂಲಿಯೊ ಜಿಯಾನೀನಿ ಮತ್ತು ಎಮಾನುಯೆಲೆ ಲುತ್ಸಾತಿ ಜೋಡಿ 1973ರಲ್ಲಿ ಇದೇ ಕಮೇಡಿಯಾದ ಇನ್ನೊಂದು ಪಾತ್ರವಾದ ಪುಲ್ಚಿನೆಲ್ಲಾನನ್ನು ಇಟ್ಟುಕೊಂಡು ಬಣ್ಣದ ಕಟ್‌ಔಟ್ ಚಿತ್ರ ಮಾಡಿದ್ದರು. ಆಸ್ಕರ್ ನಾಮನಿರ್ದೇಶನದವರೆಗೂ ಹೋದ ಚಿತ್ರ. ನನಗೂ ಆ ಬಣ್ಣದ ಆಸೆ. ಆರ್ಲೆಕ್ಕೀನೊನ ಅಂಗಿ ತುಂಬ ಚೌಕುಳಿ ತೇಪೆ, ಮ್ಯಾಟ್ ಪೇಪರ್ ಮೇಲೆ ಕಲರ್ ಪ್ರಿಂಟ್, 10 ತುಂಡಿನ ಗೊಂಬೆ. ತಲೆ ಮತ್ತು ಕತ್ತು ಒಂದೇ ತುಂಡು. ಬದಲಾಯಿಸಲು 6 ಬಾಯಿ, 4 ಜೊತೆ ಹುಬ್ಬು. ಕೀಲಿಗೆ ಫೈಲಿಗೆ ಹಾಕುವ ಹಿತ್ತಾಳೆ ಪಿನ್. ಬೆಳಕು ಮೇಲಿನಿಂದ.

ಕೆಟ್ಟದ್ದು ಇವು. ಪಿನ್ನಿನ ತಲೆ ಬೆಳಕಿಗೆ ಮಿಂಚಿತು. ಕಾಲಿನ ತುಂಡು ಪಿನ್ನಿನ ಉಬ್ಬಿನ ಮೇಲೆ ಕೂತು ಅಡಿಯಲ್ಲಿ ನೆರಳು ಬಿತ್ತು. ಇವನ್ನೆಲ್ಲ ಸರಿಮಾಡಬಹುದಿತ್ತು. ಸರಿಮಾಡಲಾಗದ್ದು ಬೇರೆ. "ಹಸಿವು" ಅಂತ 8 ಸೆಕೆಂಡಿನ ಟೆಸ್ಟ್ ಮಾಡಿ, ಸ್ಕ್ರೀನಿನಲ್ಲಿ ಗೊಂಬೆಯ ಮುಖದ ಮೇಲೆ ಹೆಬ್ಬೆರಳು ಇಟ್ಟು ಮತ್ತೆ ಓಡಿಸಿ ನೋಡಿದೆ. ಏನೂ ಇಲ್ಲ! ಒಬ್ಬ ಮನುಷ್ಯ ಸುಮ್ನೆ ನಿಂತಿದ್ದಾನೆ. ಹಸಿವೆಲ್ಲ ಬಾಯಿಯ ಸ್ಟಿಕ್ಕರಿನಲ್ಲಿತ್ತು.

ಈ ಹೆಬ್ಬೆರಳಿನ ಪರೀಕ್ಷೆಯನ್ನು ಆಮೇಲೆ ಆಫೀಸಿನ ಶಾಟುಗಳ ಮೇಲೂ ಮಾಡಿದೆ. ಫಲಿತಾಂಶ ಇಲ್ಲಿ ಬರೆಯಲ್ಲ.

3. ಮುಖವಾಡ ಮಾಡಿ ಹಾಕಿ ನೋಡಿದ್ದು

ಆರ್ಲೆಕ್ಕೀನೊನದು ಅರ್ಧ ಮುಖವಾಡ. ಹಣೆಯಿಂದ ಮೇಲ್ತುಟಿಯವರೆಗೆ ಕಪ್ಪು ತೊಗಲು, ಹಣೆಯ ಮೇಲೆ ಒಂದು ಬುಗುಟು, ಮೊಂಡು ಮೂಗು. ಬಾಯಿ, ಗದ್ದ ಬಿಡುವಾಗಿರುತ್ತವೆ, ಯಾಕೆಂದರೆ ಮಾತಾಡಬೇಕಲ್ಲ. ತಿನ್ನಲೂಬೇಕು. ಅಸಲಿ ಮುಖವಾಡವನ್ನು ಮರದ ಅಚ್ಚಿನ ಮೇಲೆ ಒದ್ದೆ ತೊಗಲು ಹಾಸಿ ಬಡಿದು ಬಡಿದು ಮಾಡುತ್ತಾರೆ. ಎರಡನೇ ಮಹಾಯುದ್ಧದ ನಂತರ ಈ ಕಸುಬನ್ನು ಮತ್ತೆ ಕಟ್ಟಿ ನಿಲ್ಲಿಸಿದವರು ಪಾದುವಾ ಊರಿನ ಶಿಲ್ಪಿ ಅಮ್ಲೇತೊ ಸಾರ್ತೋರಿ. ನನ್ನದು ಜೇಡಿಮಣ್ಣಿನ ಅಚ್ಚು, ಹಳೆ ಪೇಪರ್, ಮೈದಾ ಅಂಟು, 5 ಪದರ. ಬಿಸಿಲಿನಲ್ಲಿ ಒಣಗಿಸಿದ್ದಕ್ಕೆ ಸೊಟ್ಟಗಾಯಿತು. ನೆರಳಲ್ಲಿ ಒಣಗಿಸಿದ್ದು ಸರಿಬಂತು. ಒಳಗೆ ಮೂಗಿನ ಬುಡಕ್ಕೆ ಸ್ಪಂಜಿನ ತುಂಡು ಅಂಟಿಸದಿದ್ದರೆ ಚರ್ಮ ಕೆತ್ತಿಹೋಗುತ್ತೆ.

ಕಣ್ಣಿಗೆ ಸಣ್ಣ ತೂತು ಬಿಟ್ಟಿದ್ದೆ, ಸುಮಾರು 10 ಮಿ.ಮೀ. ಇದನ್ನು ಹಾಕಿಕೊಂಡು ಫೋನಿನ ಮುಂದೆ ಹಸಿದ ಆಳಿನ ಪಾತ್ರ ಮಾಡಲು ಹೋದರೆ ಮೊದಲು ಆಗಿದ್ದು, ಪಕ್ಕದ ಸ್ಟೂಲಿಗೆ ಕಾಲು ತಗುಲಿ ಮುಗ್ಗರಿಸಿದ್ದು. ಪಕ್ಕದ್ದು ಕಾಣುವುದೇ ಇಲ್ಲ. ಏನು ನೋಡಬೇಕಿದ್ದರೂ ಇಡೀ ತಲೆ ತಿರುಗಿಸಬೇಕು. ತಲೆ ತಿರುಗಿದರೆ ಕತ್ತು, ಕತ್ತಿನ ಹಿಂದೆ ಭುಜ. ಕಣ್ಣು ಹೊರಳಿಸಿ ಕೆಲಸ ಮುಗಿಸುವಂತಿಲ್ಲ. ವಿಡಿಯೊ ನೋಡಿದಾಗ ಮೂಗು ಎತ್ತ ತೋರಿಸುತ್ತದೋ ಅತ್ತ ನನ್ನ ಗಮನವೂ ಹೋಗುತ್ತಿತ್ತು. ಮುಖವಾಡದವರು ಮೂಗಿನಲ್ಲಿ ನೋಡುತ್ತಾರೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಂಗತಿ ಇದೇ.

ಹಾಕಿಕೊಳ್ಳೋದು ಹಿಂಸೆ ಅನ್ನಿಸಿದ್ದು ನನಗೊಬ್ಬನಿಗೇ ಅಲ್ಲ. 1947ರಲ್ಲಿ ಮಿಲಾನಿನ ಪಿಕ್ಕೊಲೊ ತೇಯಾತ್ರೊದಲ್ಲಿ ನಿರ್ದೇಶಕ ಜಾರ್ಜೊ ಸ್ತ್ರೇಲರ್ 18ನೇ ಶತಮಾನದ ನಾಟಕಕಾರ ಗೊಲ್ದೋನಿಯ "ಇಬ್ಬರು ಯಜಮಾನರ ಆಳು" ನಾಟಕ ಆಡಿಸಿದಾಗ ಆರ್ಲೆಕ್ಕೀನೊ ಆದವನು ಮಾರ್ಚೆಲ್ಲೊ ಮೊರೆತ್ತಿ. ಮೊದಮೊದಲು ಅವನು ಮುಖವಾಡ ಬಿಟ್ಟು ಮುಖಕ್ಕೆ ಕಪ್ಪು ಬಳಿದುಕೊಂಡೇ ಆಡಿದ. ಸಾರ್ತೋರಿಯ ತೊಗಲಿನ ಮುಖವಾಡ ಬಂದದ್ದು ಆಮೇಲೆ. ಅವನ ನಂತರ ಆ ಪಾತ್ರ ಹಿಡಿದ ಫೆರುಚೊ ಸೊಲೇರಿ 2000ಕ್ಕೂ ಹೆಚ್ಚು ಸಲ ಆಡಿದ, ಎಂಬತ್ತು ದಾಟಿದ ಮೇಲೂ. ಆ ವಯಸ್ಸು ಗೊತ್ತಾಗದಂತೆ ಮುಚ್ಚಿದ್ದೂ ಮುಖವಾಡವೇ ಅಲ್ವಾ.

4. ಎರಡನೇ ಗೊಂಬೆ, ಕಪ್ಪು

ಬಾಯಿ, ಹುಬ್ಬು, ಚೌಕುಳಿ ಎಲ್ಲವನ್ನೂ ಒಂದೇ ಏಟಿಗೆ ತೆಗೆಯುವ ದಾರಿ ಅಂದರೆ ಹಿಂದಿನಿಂದ ಬೆಳಕು, ಮುಂದೆ ಕಪ್ಪು ಆಕಾರ. ಜರ್ಮನಿಯ ಲೊಟ್ಟೆ ರೈನಿಗರ್ 1931ರಲ್ಲೇ ಹಾರ್ಲೆಕಿನ್ (ಆರ್ಲೆಕ್ಕೀನೊನ ಇನ್ನೊಂದು ಹೆಸರು) ಮತ್ತವನ ಬಳಗವನ್ನು ಹೀಗೆ ನೆರಳುಗೊಂಬೆಗಳಲ್ಲಿ ಮಾಡಿದ್ದರು. ಅವರು ಕಪ್ಪು ರಟ್ಟಿನ ಜೊತೆ ತೆಳು ಸೀಸದ ತಗಡು ಬಳಸುತ್ತಿದ್ದರು, ಕೀಲಿಗೆ ತಂತಿ. ಸೀಸ ಮನೆಯಲ್ಲಿ ಬೇಡ ಅಂತ ನಾನು 0.2 ಮಿ.ಮೀ. ಹಿತ್ತಾಳೆ ತಗಡು ತಂದೆ.

ಅಳತೆ ಹೀಗಿದೆ. ನೆಟ್ಟಗೆ ನಿಂತರೆ 22 ಸೆಂ.ಮೀ., ಮಂಡಿ ಮಡಿಸಿದ ಅವನ ಮಾಮೂಲಿ ನಿಲುವಿನಲ್ಲಿ 18. ರಟ್ಟು 300 ಜಿಎಸ್‌ಎಂ ಕಪ್ಪು. ತುಂಡು 17: ಮುಖವಾಡ ಇರುವ ತಲೆ, ಗದ್ದ, ಕತ್ತು, ಎದೆ, ಸೊಂಟ, ಎರಡು ಕೈಗೆ ಮೂರು ಮೂರು, ಎರಡು ಕಾಲಿಗೆ ಮೂರು ಮೂರು. ಮುಖದಲ್ಲಿ ಅಲ್ಲಾಡುವುದು ಗದ್ದ ಒಂದೇ. ಅರ್ಧ ಮುಖವಾಡ ನಟನಿಗೆ ಬಿಡುವುದೂ ಅಷ್ಟೇ.

ಮೊದಲ ಗೊಂಬೆಗಿಂತ ಮುಖ್ಯ ಬದಲಾವಣೆ ಕತ್ತು. 12 ಮಿ.ಮೀ. ಉದ್ದದ ಪುಟ್ಟ ತುಂಡು, ಎರಡೂ ತುದಿಗೆ ಕೀಲು. ಇದರಿಂದ ತಲೆ ಬಾಗದೇ ಮುಂದಕ್ಕೆ ಚಾಚುತ್ತೆ. ವಾಸನೆ ಹಿಡಿಯುವುದು, ಅನುಮಾನ, ಆಸೆ, ಮೂರೂ ಈ 12 ಮಿ.ಮೀ. ಒಳಗೇ ಬಂದವು. ನೀವು ರಿಗ್ ಮಾಡುವವರಾದರೆ (ಕಂಪ್ಯೂಟರ್ ಪಾತ್ರಕ್ಕೆ ಕೀಲು, ಕಂಟ್ರೋಲ್ ಜೋಡಿಸುವವರು) ಇದನ್ನು ಗುರುತು ಹಾಕಿಕೊಳ್ಳಿ. ಹುಬ್ಬಿನ ಕಂಟ್ರೋಲು ಅರ್ಧ ಕಿತ್ತು ಕತ್ತಿಗೆ ಕೊಡಿ.

ಕೀಲಿಗೆ ಮೊದಲು ಹೊಲಿಗೆ ದಾರ ಹಾಕಿ ಎರಡು ಕಡೆ ಗಂಟು ಹೊಡೆದೆ. ಸಡಿಲ. ಒಂದು ಕೈ ಮುಟ್ಟಿದರೆ ಇಡೀ ಗೊಂಬೆ ಕುಸಿಯುತ್ತಿತ್ತು. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 26 ಗೇಜ್ ತಾಮ್ರದ ತಂತಿ ತೂಕದ ಲೆಕ್ಕದಲ್ಲಿ ಸಿಗುತ್ತೆ. ಸೂಜಿಯಲ್ಲಿ ತೂತು ಮಾಡಿ ತಂತಿ ತೂರಿಸಿ, ಎರಡೂ ಕಡೆ ಚಪ್ಪಟೆ ಸುರುಳಿ ಸುತ್ತಿ, ಇಕ್ಕಳದಲ್ಲಿ ಒತ್ತಬೇಕು. ಎಷ್ಟು ಒತ್ತಿದರೆ ಅಷ್ಟು ಬಿಗಿ. ಸೊಂಟ, ಮಂಡಿ ಬಿಗಿಯಾಗಿರಲಿ. ಮಣಿಕಟ್ಟು ಸಡಿಲ ಇರಲಿ.

ಅಂಗೈಯ ತೇವಕ್ಕೂ ಪ್ಯಾನೆಲ್ಲಿನ ಬಿಸಿಗೂ ರಟ್ಟು ಸೊಟ್ಟಗಾಗಿ ಅಂಚು ಮೇಲೆದ್ದಿತು. ಎದ್ದ ಅಂಚು ಫ್ರೇಮಿನಲ್ಲಿ ಬೂದು ಮಸುಕಾಗಿ ಕಾಣುತ್ತೆ. ಎದೆ, ಸೊಂಟ, ತೊಡೆ, ಪಾದದ ಹಿಂದೆ ಹಿತ್ತಾಳೆ ತಗಡು ಅಂಟಿಸಿದ ಮೇಲೆ ಮಲಗಿತು. ಪಾದಕ್ಕೆ ತೂಕ ಬಂದದ್ದರಿಂದ ಇನ್ನೊಂದು ಲಾಭ: ಒಂದು ಕಾಲು ಸರಿಸುವಾಗ ಇನ್ನೊಂದು ಜಾರುವುದಿಲ್ಲ.

ನಿಲುವಿಗೆ ಹಳೆಯ ಚಿತ್ರಗಳನ್ನು ನೋಡಿದೆ. ಫ್ರೆಂಚ್ ಕಲಾವಿದ ಜಾಕ್ ಕಾಲೊ 1622ರ ಹೊತ್ತಿಗೆ ಕೆತ್ತಿದ 24 ಪುಟ್ಟ ಎಚ್ಚಿಂಗ್‌ಗಳು (ತಗಡಿನಲ್ಲಿ ಗೆರೆ ಕೊರೆದು ಅಚ್ಚು ಹಾಕಿದ ಚಿತ್ರ) ಬಹಳ ಚೆಂದ. ಬೆನ್ನು ಬಿಲ್ಲಿನಂತೆ ಬಾಗಿದ ಜೋಡಿಗಳು ಕುಣಿಯುತ್ತಿರುತ್ತಾರೆ. ಪ್ರಿಂಟ್ ಹಾಕಿ ಒಳಗೆಲ್ಲ ಕಪ್ಪು ತುಂಬಿದೆ. ಅರ್ಧಕ್ಕರ್ಧ ಆಕಾರಗಳು ಆಗಲೂ ಓದಲು ಬಂದವು. ಆದರೆ ಅವು ಕುಣಿತದ ಉತ್ಪ್ರೇಕ್ಷೆ. ನಡಿಗೆಗೆ, ನಿಲ್ಲುವುದಕ್ಕೆ ಫೊಸ್ಸಾರ್ ಎಂಬವನು ಕೂಡಿಟ್ಟ 16ನೇ ಶತಮಾನದ ಮುದ್ರಿತ ಚಿತ್ರಗಳೇ ಜಾಸ್ತಿ ಉಪಯೋಗ. ಅಲ್ಲಿ ಆರ್ಲೆಕ್ಕೀನೊ ಮತ್ತು ಪಾಂತಲೋನೆ ಒಟ್ಟಿಗೇ ಸಿಗುತ್ತಾರೆ.

5. ಸ್ಟೋರಿಬೋರ್ಡ್ ಹರಿದು ಕನೊವಾಚೊ ಬರೆದದ್ದು

ಅಭ್ಯಾಸಬಲದಿಂದ ಮೊದಲು ಪೂರ್ತಿ ಸ್ಟೋರಿಬೋರ್ಡ್ (ದೃಶ್ಯಗಳನ್ನು ಸಾಲಾಗಿ ಬರೆದಿಟ್ಟ ಚಿತ್ರಗಳು) ಮಾಡಿದ್ದೆ. ಮುಖವಾಡದ ವಿಡಿಯೊ ಇಟ್ಟುಕೊಂಡು ಫ್ರೇಮ್ ಲೆಕ್ಕ ಬರೆದು, ಗೊಂಬೆಯನ್ನು ಅದಕ್ಕೆ ಸರಿಯಾಗಿ ಕದಲಿಸುತ್ತಾ ಹೋದೆ. 6 ಸೆಕೆಂಡು ಆಗುವಷ್ಟರಲ್ಲಿ ಬೇಜಾರು ಬಂತು. ಎಲ್ಲ ಸರಿ ಇದೆ, ಜೀವ ಇಲ್ಲ. ರಟ್ಟಿಗೆ ತನ್ನದೇ ಒಂದು ಸೆಳೆತ ಇರುತ್ತೆ. ಮಂಡಿ ತಳ್ಳಿದರೆ ಸೊಂಟ ಸ್ವಲ್ಪ ತಾನಾಗೇ ಹೊರಳುತ್ತೆ. ನಾನು ಪಟ್ಟಿಗೆ ಹೊಂದಿಸಲು ಅದನ್ನು ಮತ್ತೆ ಮತ್ತೆ ನೆಟ್ಟಗೆ ಮಾಡುತ್ತಿದ್ದೆ.

ಕಮೇಡಿಯಾ ತಂಡಗಳು ಬಳಸುತ್ತಿದ್ದದ್ದು ಕನೊವಾಚೊ, ಅಂದರೆ ಕಥೆಯ ಹಂದರ. ಅದನ್ನು ರಂಗದ ಹಿಂದೆ ತೂಗುಹಾಕುತ್ತಿದ್ದರು. ಒಳಗೆ ಹೋಗುವ ಮುಂಚೆ ನಟ ಒಮ್ಮೆ ಕಣ್ಣು ಹಾಯಿಸಿ ಹೋಗುತ್ತಿದ್ದ. ಫ್ಲಮೀನಿಯೊ ಸ್ಕಾಲಾ 1611ರಲ್ಲಿ ಇಂಥ 50 ಹಂದರಗಳನ್ನು ಅಚ್ಚು ಹಾಕಿಸಿದ. ಅವುಗಳಲ್ಲಿ ಯಾರು ಬಂದರು, ಏನು ಆಯಿತು, ಯಾರು ಹೋದರು ಅಂತಷ್ಟೇ ಇರುತ್ತೆ. ಸಂಭಾಷಣೆ ಇಲ್ಲ. ಆದರೆ ಬೇಕಾದ ಸಾಮಾನುಗಳ ಪಟ್ಟಿ ಮಾತ್ರ ತಪ್ಪದೆ ಇರುತ್ತೆ. ಎಷ್ಟು ಕೆಲಸದವರು ನೋಡಿ!

ನಾನೂ ಹಾಗೇ ಒಂದು ಹಾಳೆ ಬರೆದು ಪೈಪಿಗೆ ಕ್ಲಿಪ್ ಹಾಕಿದೆ:

ಸಾಮಾನು: ಕಾಗದ, ರೊಟ್ಟಿ ತುಂಡು, ಬಡಿಗೆ, ಹಣದ ಚೀಲ.
ಆರ್ಲೆಕ್ಕೀನೊ ಒಬ್ಬನೇ. ಹಸಿವು.
ಯಜಮಾನನ ಕಾಗದವನ್ನು ಅಗಿದ ರೊಟ್ಟಿಯಿಂದ ಅಂಟಿಸಬೇಕು. ಅಗಿದದ್ದು ಹೊಟ್ಟೆಗೆ ಹೋಗುತ್ತೆ.
ನೊಣ. ಬೆನ್ನಟ್ಟುತ್ತಾನೆ.
ಪಾಂತಲೋನೆ ಬರುತ್ತಾನೆ. ನೊಣ ಅವನ ಮೂಗಿನ ಮೇಲೆ. ಬಡಿಗೆ.
ಪಾಂತಲೋನೆ ಹೋಗುತ್ತಾನೆ.
ಹಿಡಿಯುತ್ತಾನೆ. ತಿನ್ನುತ್ತಾನೆ.

ಎಲ್ಲಿಂದ ಎಲ್ಲಿಗೆ ಅಂತ ಗೊತ್ತು. ಹೇಗೆ ಅನ್ನುವುದು ಗೊಂಬೆಯ ಮೇಲೆ ಕೈ ಇಟ್ಟಾಗ. ಸ್ಟ್ರೇಟ್ ಅಹೆಡ್ ಅಂತ ನಾವು ಕರೆಯುವುದು ಇದನ್ನೇ, ಆದರೆ ಗುರಿ ಇಲ್ಲದ ಸ್ಟ್ರೇಟ್ ಅಹೆಡ್ ಅಲ್ಲ. ಒಂದು ಎಚ್ಚರಿಕೆ ಬೇಕಾಯಿತು. ಪ್ರತಿ ಪ್ರಸಂಗದ ಶುರು ಮತ್ತು ಕೊನೆಗೆ ಗೊಂಬೆ ಒಂದೇ ನಿಲುವಿಗೆ ಬರಬೇಕು. ಆ ನಿಲುವಿನ ಗೆರೆಯನ್ನು ಗಾಜಿನ ಕೆಳಬದಿಯಲ್ಲಿ ಪಾದ, ಸೊಂಟ, ಹಣೆ ಮೂರು ಕಡೆ ತೀರಾ ಸಣ್ಣ ಚುಕ್ಕಿಯಾಗಿ ಮಾರ್ಕರ್‌ನಲ್ಲಿ ಹಾಕಿದೆ. ಗೊಂಬೆ ಮೇಲೆ ಬಂದಾಗ ಮುಚ್ಚಿಹೋಗುತ್ತೆ, ಉಳಿದ ಫ್ರೇಮುಗಳಲ್ಲಿ ಕಂಪ್ಯೂಟರ್‌ನಲ್ಲಿ ಒರೆಸಿಹಾಕಿದೆ.

6. ನೊಣ

ನೊಣಕ್ಕೆ ಸಾಸಿವೆ ಕಾಳು ಇಟ್ಟೆ. ಉರುಳಿಹೋಯಿತು. ಪಂಚ್ ಮಾಡಿದ 3 ಮಿ.ಮೀ. ಕಪ್ಪು ಚುಕ್ಕಿ ಇಟ್ಟೆ. ಅದು ನನ್ನ ಉಸಿರಿಗೇ ಹಾರಿಹೋಯಿತು. ಹಿಂದೆ ಗ್ಲೂ ಸ್ಟಿಕ್ ಹಚ್ಚಿದರೆ ಗಾಜಿನ ಮೇಲೆ ಕಲೆ, ಪ್ರತಿ ಫ್ರೇಮಿಗೂ ಒರೆಸಬೇಕು. ಹಟ ಹಿಡಿದು 9 ಸೆಕೆಂಡು ಮುಗಿಸಿ ಓಡಿಸಿ ನೋಡಿದರೆ, ನನ್ನ ಕಣ್ಣು ಚುಕ್ಕಿಯ ಹಿಂದೆಯೇ ಹೋಗುತ್ತಿತ್ತು. ಆರ್ಲೆಕ್ಕೀನೊ ಏನು ಮಾಡಿದ ಅಂತ ನೋಡಲೇ ಇಲ್ಲ.

ರಂಗದ ಮೇಲೆ ಈ ಪ್ರಸಂಗ ಆಡುವ ನಟನ ಹತ್ತಿರ ನೊಣ ಎಲ್ಲಿರುತ್ತೆ? ಇರಲ್ಲ. ಅವನ ಮೂಗು ತೋರಿಸಿದ ಕಡೆ ನಾವೇ ನೊಣ ಕಾಣುತ್ತೇವೆ. ಚುಕ್ಕಿ ತೆಗೆದೆ. ಅದೇ ದೃಶ್ಯವನ್ನು ಬರೀ ಮೂಗು, ಕತ್ತಿನಲ್ಲಿ ಮಾಡಿದೆ. ನೊಣ ಹಾರುವಾಗ ಪ್ರತಿ ಫ್ರೇಮಿಗೂ ತಲೆ ಹೊಸ ದಿಕ್ಕಿಗೆ, ಕೂತಾಗ 8 ಫ್ರೇಮು ಪೂರ್ತಿ ಅಲುಗದೆ. (ಚಿತ್ರ ಸೆಕೆಂಡಿಗೆ 12 ಫ್ರೇಮು.) ಆ ಅಲುಗದ 8 ಫ್ರೇಮು ಇಲ್ಲದಿದ್ದರೆ ನೊಣ ಕೂತಿತು ಅಂತ ಗೊತ್ತೇ ಆಗಲ್ಲ. ಜಾಗ ನೆನಪಿಡಲು ನೊಣದ ದಾರಿಯನ್ನು ಬೇರೆ ಹಾಳೆಯಲ್ಲಿ ಗೀಚಿಟ್ಟುಕೊಂಡಿದ್ದೆ. ಮೂಗಿನ ತುದಿಯಿಂದ ಸ್ಕೇಲ್ ಹಿಡಿದು ಆ ಗೆರೆಗೆ ಸರಿಹೊಂದಿಸುತ್ತಿದ್ದೆ. ಮೂಗು ಒಂದೆರಡು ಡಿಗ್ರಿ ತಪ್ಪಿದರೂ ನೊಣ ಮಾಯ.

ತಿನ್ನುವ ಭಾಗ ಮೊದಲು 2 ಸೆಕೆಂಡಿನಲ್ಲಿ ಮುಗಿಸಿದ್ದೆ: ಹಿಡಿದ, ಬಾಯಿಗೆ ಹಾಕಿಕೊಂಡ. ಮನೆಯಲ್ಲಿ ತೋರಿಸಿದರೆ "ಥೂ" ಅಂದರು. ನಗಲಿಲ್ಲ. ಹಳೆಯ ಪ್ರಸಂಗದಲ್ಲಿ ಆಳು ರೆಕ್ಕೆ ಕೀಳುತ್ತಾನೆ, ಚಪ್ಪರಿಸಿಕೊಂಡು ತಿನ್ನುತ್ತಾನೆ. ಇಟಲಿಯ ನಟ, ನಾಟಕಕಾರ ದಾರಿಯೊ ಫೊ ಆಡುತ್ತಿದ್ದ ಹಸಿದ ಝನ್ನಿ (ಕಮೇಡಿಯಾದ ಆಳಿನ ಪಾತ್ರ) ಕೂಡ ಕನಸಿನಲ್ಲಿ ದೊಡ್ಡ ಅಡುಗೆ ಮಾಡಿ ತಿಂದು, ಎಚ್ಚರವಾದ ಮೇಲೆ ಒಂದು ನೊಣವನ್ನು ಹಬ್ಬದೂಟದ ಹಾಗೆ ತಿನ್ನುತ್ತಾನೆ. ಹಾಗಾಗಿ 11 ಸೆಕೆಂಡಿಗೆ ಎಳೆದೆ. ಮುಷ್ಟಿ ಕಿವಿಗೆ ಹಿಡಿದು ಕೇಳುತ್ತಾನೆ. ಒಂದು ರೆಕ್ಕೆ ಕೀಳುತ್ತಾನೆ, ಅದನ್ನು ಮೊದಲು ತಿನ್ನುತ್ತಾನೆ. ಇನ್ನೊಂದನ್ನು ಆಮೇಲಕ್ಕೆ ಅಂತ ಟೋಪಿಯ ಅಂಚಿಗೆ ಸಿಕ್ಕಿಸುತ್ತಾನೆ. ಆಮೇಲೆ ಉಳಿದದ್ದು. ಗದ್ದ 2 ಫ್ರೇಮು ಕೆಳಗೆ, 2 ಫ್ರೇಮು ಮೇಲೆ. ಕೊನೆಗೆ ಟೋಪಿಯ ರೆಕ್ಕೆ ನೆನಪಾಗಿ ಅದೂ ಹೋಗುತ್ತೆ. ಈ ಸಲ ನಕ್ಕರು. "ಥೂ" ಕೂಡ ಅಂದರು.

ಇದಕ್ಕೆ ಮೂರು ಬೇರೆ ಅಂಗೈ ಬೇಕಾಯಿತು: ಬಿಚ್ಚಿದ್ದು, ಮುಷ್ಟಿ, ಚಿವುಟುವುದು. ಚಿವುಟುವ ಕೈಯ ಬೆರಳು ಮತ್ತು ಹೆಬ್ಬೆರಳ ನಡುವೆ 1.5 ಮಿ.ಮೀ. ಬೆಳಕಿನ ಸೀಳು ಬಿಡಿ. ಅದಿಲ್ಲದಿದ್ದರೆ ಮುಷ್ಟಿಗೂ ಚಿವುಟಿಗೂ ವ್ಯತ್ಯಾಸ ಕಾಣಲ್ಲ.

7. ನಮ್ಮ ಕಡೆ ತಿರುಗುವುದು

ಇಲ್ಲಿ ಬಹಳ ಹೊತ್ತು ಸಿಕ್ಕಿಹಾಕಿಕೊಂಡಿದ್ದೆ. ಮುಖವಾಡದ ನಟ ಏನಾದರೂ ಆದ ಕೂಡಲೇ ಪ್ರೇಕ್ಷಕರ ಕಡೆ ತಿರುಗುತ್ತಾನೆ. "ನೋಡಿದ್ರಾ?" ಅಂತ ಕೇಳುವ ಹಾಗೆ. ನಗು ಬರುವುದು ಆ ತಿರುವಿನಲ್ಲಿ. ನನ್ನ ಗೊಂಬೆ ಚಪ್ಪಟೆ, ಪಕ್ಕಕ್ಕೆ ನೋಡುವ ತಲೆ. ಅದು ತಿರುಗುವುದಾದರೂ ಹೇಗೆ?

ಮೊದಲು ಮುಂಭಾಗದ ತಲೆಯೊಂದನ್ನು ಕತ್ತರಿಸಿ ನೇರ ಬದಲಾಯಿಸಿದೆ. ಫೋಟೊ ಬದಲಾದ ಹಾಗೆ ಎಗರಿತು. ಆಮೇಲೆ ನಡುವೆ ಮುಕ್ಕಾಲು ತಿರುಗಿದ ತಲೆ ಸೇರಿಸಿದೆ. ಕಪ್ಪು ಆಕಾರದಲ್ಲಿ ಅದಕ್ಕೆ ಮೂಗೂ ಇಲ್ಲ, ಗದ್ದವೂ ಇಲ್ಲ. ಒಂದು ಉಂಡೆ. ಬಿಸಾಕಿದೆ.

ಕೆಲಸ ಮಾಡಿದ್ದು ಇದು. ತಲೆ 2 ಫ್ರೇಮಿನಲ್ಲಿ ಕೆಳಗೆ ಎದೆಯೊಳಗೆ ಮುಳುಗುತ್ತೆ, ಸುಮಾರು 8 ಮಿ.ಮೀ. ಕಪ್ಪಿನಲ್ಲಿ ಕಪ್ಪು ಬೆರೆತಾಗ ತಲೆ ಬದಲಾಯಿಸಬೇಕು. ಮತ್ತೆ 2 ಫ್ರೇಮಿನಲ್ಲಿ ಮೇಲೆ ಬರುವಾಗ ಅದು ನಮ್ಮನ್ನು ನೋಡುವ ತಲೆ. ಭುಜವೂ ಜೊತೆಗೆ 3 ಮಿ.ಮೀ. ಏರಬೇಕು. ಮುಂಭಾಗದ ತಲೆಗೆ ಬೆಲ್ಟಿಗೆ ತೂತು ಹೊಡೆಯುವ ಪಂಚ್‌ನಲ್ಲಿ 2 ಮಿ.ಮೀ. ಅಗಲದ ಎರಡು ಕಣ್ಣು ಹೊಡೆದೆ. ಪಕ್ಕದ ತಲೆಗೆ ಕಣ್ಣೇ ಇಲ್ಲ. ಹಾಗಾಗಿ ತಿರುಗಿದ ಕ್ಷಣ ಕಪ್ಪು ಮುಖದಲ್ಲಿ ಎರಡು ಬೆಳಕು ಹೊತ್ತಿಕೊಳ್ಳುತ್ತೆ. ಇದನ್ನು ಮೊದಲೇ ಯೋಚಿಸಿದ್ದೆ ಅಂತ ಹೇಳಿಕೊಳ್ಳಬಹುದಿತ್ತು, ಆದರೆ ಪಂಚ್ ಹೊಡೆದದ್ದು ಮುಂದೆ ಯಾವುದು, ಹಿಂದೆ ಯಾವುದು ಅಂತ ನನಗೆ ಗೊತ್ತಾಗಲಿ ಅಂತ.

ಮುಂದೆ ನೋಡಿ 12 ಫ್ರೇಮು, ಪೂರ್ತಿ ಒಂದು ಸೆಕೆಂಡು, ಏನೂ ಅಲುಗಬಾರದು. ಕೈ ತುರಿಸುತ್ತೆ. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಹೀಗೆ ನಿಲ್ಲಿಸಿದರೆ ಸತ್ತಂತೆ ಕಾಣುತ್ತೆ ಅಂತ ನಾವು ಉಸಿರಾಟ, ರೆಪ್ಪೆ ಅಂತ ಏನಾದರೂ ಸೇರಿಸುತ್ತೇವೆ. ಇಲ್ಲಿ ಉಸಿರಾಟ ಸೇರಿಸಿ ನೋಡಿದೆ, ನಗು ಕೆಟ್ಟಿತು. ನಿಲ್ಲುವ ಮುಂಚಿನ ಚಲನೆ ಚುರುಕಾಗಿದ್ದರೆ ನಿಂತದ್ದು ಸತ್ತಂತೆ ಕಾಣಲ್ಲ.

ಮೊದಲ ಜೋಡಣೆಯಲ್ಲಿ ಈ ತಿರುವು 5 ಕಡೆ ಇತ್ತು. ಮೂರನೆಯದರಿಂದಾಚೆ ಪರಿಣಾಮ ಇಳಿಯುತ್ತಾ ಹೋಯಿತು. ಈಗ 3 ಇವೆ: ನೊಣದ ಸದ್ದು ಕೇಳಿದಾಗ, ಹಿಡಿದಾಗ, ತಿನ್ನುವ ಮುಂಚೆ.

8. ಪಾಂತಲೋನೆ

ವೆನಿಸ್ಸಿನ ಜಿಪುಣ ವ್ಯಾಪಾರಿ. ಬಾಗಿದ ಬೆನ್ನು, ಕೊಕ್ಕೆ ಮೂಗು, ಮುಂದಕ್ಕೆ ಚಾಚಿದ ಚೂಪು ಗಡ್ಡ, ಸಪೂರ ಕಾಲು. ಕಪ್ಪು ಆಕಾರಕ್ಕೆ ಹೇಳಿ ಮಾಡಿಸಿದ ಪಾತ್ರ. ತುಂಡು 12 ಸಾಕಾಯಿತು, ಯಾಕೆಂದರೆ ನಿಲುವಂಗಿ ಅರ್ಧ ಮೈ ಮುಚ್ಚುತ್ತೆ.

ಕೆಟ್ಟದ್ದು ನಡಿಗೆ. ಆರ್ಲೆಕ್ಕೀನೊನ ನಡಿಗೆಯ ಅಳತೆಯನ್ನೇ ನಿಧಾನ ಮಾಡಿ ಕೊಟ್ಟಿದ್ದೆ. ಮುದುಕ ಅಂದರೆ ನಿಧಾನ ಅಂತ. ಆದರೆ ಪಾಂತಲೋನೆ ನಿಧಾನದವನಲ್ಲ. ದುಡ್ಡಿನ ವಾಸನೆ ಬಂದರೆ ಓಡುತ್ತಾನೆ, ಮೈ ಮಾತ್ರ ಕೇಳುವುದಿಲ್ಲ. ಹಾಗಾಗಿ ಪಾದಕ್ಕೆ 2 ಫ್ರೇಮಿಗೊಂದು ಹೆಜ್ಜೆ, ಪ್ರತಿ ಹೆಜ್ಜೆ 6 ಮಿ.ಮೀ. ಮಾತ್ರ. ಸೊಂಟದಿಂದ ಮೇಲಿನ ಮೈ ಅಲುಗದೆ ಮೂಗನ್ನೇ ಮುಂದಿಟ್ಟುಕೊಂಡು ಸಾಗುತ್ತೆ. ಆರ್ಲೆಕ್ಕೀನೊಗೆ 3 ಫ್ರೇಮಿಗೊಂದು ಹೆಜ್ಜೆ, 20 ಮಿ.ಮೀ., ನಡುವೆ ಸೊಂಟ 5 ಮಿ.ಮೀ. ಏರಿಳಿತ. ಇಬ್ಬರೂ ಒಂದೇ ಫ್ರೇಮಿನಲ್ಲಿ ಬಂದಾಗ ಮುಖ ಕಾಣದಿದ್ದರೂ ಯಾರು ಆಳು, ಯಾರು ಯಜಮಾನ ಅಂತ ಕೇಳಬೇಕಿಲ್ಲ.

ಆಮೇಲೆ ಒಂದು ಕೈಯನ್ನು ಸೊಂಟದ ಹಣದ ಚೀಲದ ಮೇಲೆ ಅಂಟಿಸಿಬಿಟ್ಟೆ. ನಿಜವಾಗಲೂ ಗ್ಲೂ ಹಾಕಿ. ಏನೇ ಆಗಲಿ ಆ ಕೈ ಅಲ್ಲಿಂದ ಏಳುವುದಿಲ್ಲ, ಮೂಗಿನ ಮೇಲೆ ಏಟು ಬಿದ್ದರೂ.

9. ಬಡಿಗೆಯ ಸದ್ದು

ಆರ್ಲೆಕ್ಕೀನೊನ ಸೊಂಟದ ಬಡಿಗೆಗೆ ಬತೋಚೊ ಅಂತಾರೆ. ಎರಡು ತೆಳು ಹಲಗೆ ಹಿಡಿಯ ಹತ್ತಿರ ಸೇರಿರುತ್ತವೆ. ನೋವು ಕಮ್ಮಿ, ಸದ್ದು ಜಾಸ್ತಿ. 3 ಮಿ.ಮೀ. ಪ್ಲೈವುಡ್ ಚೂರಿನಲ್ಲಿ ಮಾಡಿದೆ: 35 × 4 ಸೆಂ.ಮೀ. ಎರಡು ಪಟ್ಟಿ, ಹಿಡಿಯ ಹತ್ತಿರ ನಡುವೆ ಒಂದು ಚಕ್ಕೆ, ಎರಡು ಸ್ಕ್ರೂ. ಚಕ್ಕೆ 10 ಮಿ.ಮೀ. ಇದ್ದಾಗ ಹಲಗೆಗಳು ತಾಗಲೇ ಇಲ್ಲ. 4 ಮಿ.ಮೀ. ಮಾಡಿದಾಗ ಚಟಾರ್ ಅಂತು. ಫೋನಿನಲ್ಲಿ ರೆಕಾರ್ಡ್, ಮೇಲೆ ಕಂಬಳಿ ಹೊದೆಸಿ. ಸದ್ದನ್ನು ಚಿತ್ರದ ಏಟಿಗಿಂತ 1 ಫ್ರೇಮು ಮುಂದಕ್ಕೆ ಸರಿಸಿದಾಗ ಏಟು ಗಟ್ಟಿಯಾಯಿತು.

10. ಕತ್ತರಿ

ಎಲ್ಲ ಸೇರಿ 53 ಸೆಕೆಂಡು, 636 ಫ್ರೇಮು ಆಗಿತ್ತು. ಎಳೆಯುತ್ತಿತ್ತು. ಅಗಿದ ರೊಟ್ಟಿಯ ಪ್ರಸಂಗ ಗೊಲ್ದೋನಿಯ ಅದೇ "ಇಬ್ಬರು ಯಜಮಾನರ ಆಳು" ನಾಟಕದ್ದು. 1745ರಲ್ಲಿ ಅಂತೋನಿಯೊ ಸಾಕಿ ಎಂಬ ನಟನಿಗಾಗಿ ಮೊದಲು ಹಂದರವಾಗಿ ಬರೆದು, ಮಾತುಗಳನ್ನು ಪೂರ್ತಿ ಬರೆದು ಸೇರಿಸಿದ್ದು ಆಮೇಲೆ. ಅಲ್ಲಿ ಆಳಿನ ಹೆಸರು ತ್ರುಫಲ್ದೀನೊ, ಸ್ತ್ರೇಲರ್ ಆಡಿಸಿದಾಗ ಆರ್ಲೆಕ್ಕೀನೊ. ಪ್ರಸಂಗ ನನಗೆ ಬಲು ಇಷ್ಟ, ಅನಿಮೇಷನ್ನೂ ಚೆನ್ನಾಗಿ ಬಂದಿತ್ತು. ಆದರೆ ರೊಟ್ಟಿ ನುಂಗುವುದೂ ಹಸಿವಿನ ನಗು, ನೊಣ ತಿನ್ನುವುದೂ ಹಸಿವಿನ ನಗು. ಮೊದಲನೆಯದು ಎರಡನೆಯದನ್ನು ತಿಂದುಹಾಕುತ್ತಿತ್ತು.

ಇಂಥ ಬಿಡಿ ಪ್ರಸಂಗಕ್ಕೆ ಲಾಜ್ಜೊ ಅಂತ ಹೆಸರು. ಕಥೆಗೆ ಗಾಯ ಮಾಡದೆ ಸೇರಿಸಬಹುದು, ಕೀಳಬಹುದು. ಜನ ನಗುತ್ತಿದ್ದರೆ ನಟ ಬೆಳೆಸುತ್ತಿದ್ದ, ಆಕಳಿಸಿದರೆ ಮುಗಿಸಿ ಮುಂದಕ್ಕೆ ಹೋಗುತ್ತಿದ್ದ. ಗಾಜಿನ ಕೆಳಗೆ ಹಾಕಿದ್ದ ಚುಕ್ಕಿಗಳ ಪುಣ್ಯದಿಂದ ಎರಡೂ ತುದಿಯಲ್ಲಿ ಗೊಂಬೆ ಒಂದೇ ನಿಲುವಿನಲ್ಲಿತ್ತು. 12 ಸೆಕೆಂಡು, 144 ಫ್ರೇಮು ಕಿತ್ತು ಹಾಕಿದರೂ ಜೋಡಣೆ ಗೊತ್ತಾಗಲಿಲ್ಲ. ಕಿತ್ತ ತುಂಡನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದೇನೆ. ಇನ್ನೊಂದು ಚಿತ್ರಕ್ಕೆ ಹಾಗೇ ಕೂರುತ್ತೆ.

ಖರ್ಚು

ಗಾಜು 450, ಪ್ಯಾನೆಲ್ 1,100, ಟ್ರೇಸಿಂಗ್ ಪೇಪರ್ 40, ಕಪ್ಪು ರಟ್ಟು 240, ಬ್ಲೇಡು 150, ತಾಮ್ರದ ತಂತಿ 80, ಹಿತ್ತಾಳೆ ತಗಡು 120, ಪೈಪು ಮತ್ತು ಕ್ಲ್ಯಾಂಪ್ 350, ಸ್ಟಾಪ್ ಮೋಷನ್ ಆಪ್ 600, ಮುಖವಾಡದ ಸಾಮಾನು 30. ವ್ಯರ್ಥ ಆದದ್ದು: ಕಲರ್ ಪ್ರಿಂಟ್ 180, ಹಿತ್ತಾಳೆ ಪಿನ್ 60. ಒಟ್ಟು 3,400 ರೂಪಾಯಿ. ಪ್ಲೈವುಡ್ ಚೂರು ಪಕ್ಕದ ಬಡಗಿ ಸುಮ್ನೆ ಕೊಟ್ಟರು.

ಲೆಕ್ಕ ಬರೆಯುವಾಗ ಪಾದುವಾದ ಒಂದು ಕರಾರುಪತ್ರ ನೆನಪಾಯಿತು. 1545ರ ಫೆಬ್ರವರಿ 25ರಂದು 8 ಜನ ನಟರು ನೋಟರಿ ಮುಂದೆ ಕೂತು ತಂಡ ಕಟ್ಟಿಕೊಂಡರು. ಸಾಮಾನು ಹೊರಲು ಕುದುರೆ ಕೊಳ್ಳುವುದು, ದುಡ್ಡಿನ ಪೆಟ್ಟಿಗೆಗೆ ಮೂರು ಬೀಗದ ಕೈ ಇರುವುದು, ಎಲ್ಲ ಅದರಲ್ಲಿ ಬರೆದಿದೆ. ವೃತ್ತಿ ತಂಡಗಳ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತಾರೆ.

ಬಾಕಿ ಇರುವುದು

ಪಾಂತಲೋನೆಯ ಮಂಡಿಯ ತಂತಿ ಸಡಿಲವಾಗಿದೆ, ಮತ್ತೆ ಸುತ್ತಬೇಕು. 31ನೇ ಸೆಕೆಂಡಿನಲ್ಲಿ ಒಂದು ಫ್ರೇಮು ಇನ್ವರ್ಟರ್ ಬೆಳಕಿನಲ್ಲಿ ತೆಗೆದದ್ದು ಉಳಿದುಬಿಟ್ಟಿದೆ. ಅದನ್ನು ಪಕ್ಕದ ಫ್ರೇಮಿನಿಂದ ಬಣ್ಣ ಹೊಂದಿಸಿ ಸರಿಮಾಡುತ್ತೇನೆ.

ಮುಂದಿನದು ನೇಪಲ್ಸಿನ ಪುಲ್ಚಿನೆಲ್ಲಾ. ಅವನು ಸಡಿಲ ಬಿಳಿ ಅಂಗಿಯವನು, ಮುಖವಾಡ ಮಾತ್ರ ಕಪ್ಪು. ಬಿಳಿ ಅಂಗಿಯನ್ನು ಕಪ್ಪು ಆಕಾರ ಮಾಡಿದರೆ ಬರೀ ಮೂಟೆ ಕಾಣುತ್ತೆ. ಅಂಗಿಗೆ ಟ್ರೇಸಿಂಗ್ ಪೇಪರ್, ಮುಖವಾಡಕ್ಕೆ ರಟ್ಟು ಹಾಕಿ ಒಂದು ತೋಳು ಕತ್ತರಿಸಿ ನೋಡಿದೆ. ಪೇಪರ್ ಮೂರು ಪದರ ಇದ್ದರೆ ಬೂದು ಬಣ್ಣ ಸರಿಬರುತ್ತೆ, ಆದರೆ ಕೀಲಿನ ಹತ್ತಿರ ಪದರ ಆರಾಗಿ ಗಾಢವಾಗುತ್ತೆ. ಕೀಲಿನ ಸುತ್ತ ಒಂದೊಂದು ಪದರ ಕತ್ತರಿಸಿ ತೆಗೆಯಬೇಕೋ, ಅಥವಾ ಅಂಗಿಯ ಮಡಿಕೆಯನ್ನೇ ಅಲ್ಲಿಗೆ ತರಬೇಕೋ, ಮಾಡಿ ನೋಡಬೇಕು.